ನರಸಪ್ಪನ ಹೆಬ್ಬೆರಳು

ಆಯುಧಪೂಜೆಯ ದಿನ ಬೆಳಗ್ಗೆ ಎಂಟು ಗಂಟೆಗೆಲ್ಲ ನರಸಪ್ಪ ತನ್ನ ಲಾರಿಯ ಹಳೇ ಎಣ್ಣೆ ಇಳಿಸಿ, ಎಂಜಿನ್ ಕೆಳಗಿನ ಬೋಲ್ಟನ್ನು ಮತ್ತೆ ಹಾಕಿ ಬಿಗಿ ಮಾಡಿ ಮುಗಿಸಿದ್ದ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹಬ್ಬದ ದಿನ, ಅದರಲ್ಲೂ ಹೆಣ್ಣಿನ ಕಡೆಯವರು ಬರುವ ದಿನ, ಗಂಡಸಿಗೆ ಸ್ವಲ್ಪ ಹೆಚ್ಚಿನ ಉತ್ಸಾಹ ಬಂದಿರುತ್ತದೆ. ಅವನು ಸ್ಪ್ಯಾನರಿನ ಹಿಡಿಗೆ ಮೊಳದುದ್ದದ ಪೈಪು ಸಿಕ್ಕಿಸಿಕೊಂಡು, ‘ಇರಲಿ, ಇನ್ನೊಂದು ಸುತ್ತು’ ಎಂದು ಎಳೆದ. ಬೋಲ್ಟು ಒಂದು ಸುತ್ತು ಬಂತು. ಬಹಳ ಸಲೀಸಾಗಿ ಎರಡನೆಯ ಸುತ್ತೂ ಬಂತು. ಮೂರನೆಯದಕ್ಕೆ ಅದು ಬಿಗಿಯಾಗುವ ಯೋಚನೆಯನ್ನೇ ಬಿಟ್ಟು, ಎಷ್ಟು ತಿರುಗಿಸಿದರೆ ಅಷ್ಟೂ ತಿರುಗತೊಡಗಿತು.

ಥ್ರೆಡ್ಡು, ಅಂದರೆ ಬೋಲ್ಟನ್ನು ಹಿಡಿಯುವ ತಿರುಪಿನ ಗೆರೆ, ಹೋಯಿತು ಎಂದು ಹನ್ನೆರಡು ವರ್ಷ ಲಾರಿ ಓಡಿಸಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ತಿಳಿದದ್ದನ್ನು ಒಪ್ಪಿಕೊಳ್ಳಲು ಅವನಿಗೆ ಆಗ ಪುರುಸೊತ್ತಿರಲಿಲ್ಲ. ಬೋಲ್ಟನ್ನು ಬೆರಳಿನಿಂದ ಒತ್ತಿ ನೋಡಿದ, ನಿಂತುಕೊಂಡಿತು. ‘ನಿಂತಿದೆಯಲ್ಲ, ಸಾಕು. ನಾಳೆ ನೋಡಿಕೊಂಡರಾಯಿತು’ ಎಂದು ತನಗೆ ತಾನೇ ಹೇಳಿಕೊಂಡು, ಮೇಲಿನಿಂದ ಹದಿನೈದು ಲೀಟರ್ ಹೊಸ ಎಣ್ಣೆ ಹೊಯ್ದ.

ಇಷ್ಟು ಸಡಗರಕ್ಕೆ ಕಾರಣ ಬೇಗೂರಿನ ವೆಂಕಟರಮಣಪ್ಪನವರ ಮಗಳು ವಸಂತ. ಅವಳನ್ನು ನರಸಪ್ಪ ನೋಡಿದ್ದು ಒಂದೇ ಸಲ, ನೆಂಟರ ಮದುವೆಯಲ್ಲಿ. ಅವಳು ಪಂಕ್ತಿಯಲ್ಲಿ ಬಡಿಸುತ್ತಾ ಬಂದಾಗ ಇವನು ಬೇಡ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದಿದ್ದ. ಅವಳು ಕೈಯ ಮೇಲೆಯೇ ಪಾಯಸ ಸುರಿದು ನಕ್ಕುಬಿಟ್ಟಿದ್ದಳು. ಆ ನಗುವನ್ನು ನರಸಪ್ಪ ಆಮೇಲೆ ದಾವಣಗೆರೆ, ಸೇಲಂವರೆಗೆ ಲಾರಿಯಲ್ಲಿ ಜತೆಗಿಟ್ಟುಕೊಂಡು ಹೋಗಿ ಬಂದಿದ್ದ. ಮೂವತ್ತಮೂರು ವರ್ಷಕ್ಕೆ ಮೊದಲ ಸಲ ಅವನಿಗೆ ಒಬ್ಬಳು ಬೇಕೇ ಬೇಕು ಅನಿಸಿತ್ತು.

ಮಾತುಕತೆ ನಡೆಸಿದವಳು ಅಕ್ಕ ರಾಮಕ್ಕ. “ನನ್ ತಮ್ಮ ಲಾರಿ ಓನರ್ರು. ಕೈಗೆ ಗ್ರೀಸ್ ಮುಟ್ಟಿಸ್ಕೊಳ್ಳೋನಲ್ಲ, ಅದಕ್ಕೆಲ್ಲ ಆಳುಗಳವ್ರೆ” ಎಂದು ಬೇಗೂರಿನವರ ಮುಂದೆ ತಮ್ಮನನ್ನು ಅಟ್ಟಕ್ಕೇರಿಸಿದ್ದಳು. ಆಳು ಎಂದರೆ ನರಸಪ್ಪನ ಎರಡು ಕೈಗಳೇ ಎಂಬುದನ್ನು ಮಾತ್ರ ಹೇಳಿರಲಿಲ್ಲ. ವೆಂಕಟರಮಣಪ್ಪ ಎಲ್ಲ ಕೇಳಿ, “ಆಯುಧಪೂಜೆ ದಿನ ನಾಕು ಗಂಟೆಗೆ ಬತ್ತೀನಿ. ಲಾರಿ ನಿಂಬೆಅಣ್ಣು ಅತ್ತಿ ಇಳಿಯಾದ ಕಣ್ಣಾರೆ ನೋಡ್ತೀನಿ. ಆಮ್ಯಾಕೆ ಮಾತು” ಎಂದಿದ್ದರು. ಹಾಗಾಗಿ ನಾಲ್ಕು ಗಂಟೆಗೆ ಲಾರಿ ಸ್ಟಾರ್ಟ್ ಆದರೆ ಮದುವೆ, ಆಗದಿದ್ದರೆ ಇಲ್ಲ.

ಎಣ್ಣೆ ಹೊಯ್ದು ನರಸಪ್ಪ ಕೈ ಒರೆಸಿಕೊಳ್ಳುವಷ್ಟರಲ್ಲಿ ವಠಾರದ ಯಜಮಾನಿ ಭದ್ರಮ್ಮ ಬಂದು, “ನರಸಪ್ಪಾ, ಸಾಮಾನು ಕೊಡು, ಪೂಜೆಗಿಡ್ಬೇಕು” ಎಂದು ಸ್ಪ್ಯಾನರ್ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದರು. ಭದ್ರಮ್ಮನ ರಾಗಿ ಹೊಲದ ಮೇಲೆ ಈಗ ಪೀಣ್ಯದ ಮೂರು ಕಾರ್ಖಾನೆಗಳು ನಿಂತಿದ್ದವು. ಹೊಲ ಹೋದರೂ ಹೊಲದ ಕಟ್ಟಳೆ ಹೋಗಿರಲಿಲ್ಲ. ವಠಾರದ ಅಷ್ಟೂ ಆಯುಧ ಅವರ ಜಗಲಿಯ ಬೆಂಚಿನ ಮೇಲೆ ಬರಬೇಕು, ಕುಂಕುಮ ಬಿದ್ದ ಮೇಲೆ ಮಾರನೆಯ ದಿನ ಮಧ್ಯಾಹ್ನದವರೆಗೆ ಒಂದನ್ನೂ ಮುಟ್ಟುವಂತಿಲ್ಲ. ಕುಡುಗೋಲು, ಕೊಡಲಿ, ಈಳಿಗೆಮಣೆ, ಚಾಕು, ಕತ್ತರಿ, ನರಸಪ್ಪನ ಸ್ಪ್ಯಾನರು, ಸುತ್ತಿಗೆ, ಎಲ್ಲವೂ ಸಾಲಾಗಿ ಕೂತಿದ್ದವು. ಪಕ್ಕದ ಮನೆಯ ರಾಮಪ್ರಸಾದರು ಸರ್ಕಾರಿ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರು. ಅಲ್ಲಿ ತಯಾರಾದ ಭಾಗಗಳನ್ನು ಅಳೆದು ಪಾಸು ಫೇಲು ಮಾಡುವವರು. ಅವರ ಅಳತೆಯ ಉಪಕರಣದ ಜತೆಗೆ ಗಡ್ಡದ ಬ್ಲೇಡನ್ನೂ ಭದ್ರಮ್ಮ ಒಯ್ದಿದ್ದರಿಂದ ರಾಮಪ್ರಸಾದರು ಅರ್ಧ ಗಡ್ಡದಲ್ಲೇ ಹಬ್ಬ ಮಾಡುತ್ತಿದ್ದರು.

ಹನ್ನೊಂದೂವರೆಗೆ ಲಾರಿಯ ಪೂಜೆ. ಬಂಪರಿಗೆ ಬಾಳೆಕಂದು, ಕನ್ನಡಿಗೆ ಚೆಂಡುಹೂವಿನ ಹಾರ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ನರಸಪ್ಪ ಜರಿಯಂಚಿನ ಹೊಸ ಪಂಚೆ ಉಟ್ಟು ಕೈಮುಗಿದು ನಿಂತಿದ್ದ. ಭದ್ರಮ್ಮ ಮಂಗಳಾರತಿ ಎತ್ತಿದರು, ರಾಮಪ್ರಸಾದರು ಗಂಟೆ ಬಾರಿಸಿದರು. ಅದೇ ಹೊತ್ತಿಗೆ ಲಾರಿಯ ಕೆಳಗಿನಿಂದಲೂ ‘ಟಣ್’ ಎಂದಿತು. ಎಲ್ಲರೂ ಶುಭಶಕುನವೆಂದು ಇನ್ನೊಮ್ಮೆ ಕೈಮುಗಿದರು. ಬಗ್ಗಿ ನೋಡಿದವನು ನರಸಪ್ಪ ಒಬ್ಬನೇ. ಬೋಲ್ಟು ನೆಲದ ಮೇಲೆ ಬಿದ್ದಿತ್ತು, ಅದರ ಮೇಲೆ ಜೇನಿನ ಬಣ್ಣದ ಹೊಸ ಎಣ್ಣೆ ಧಾರೆಯಾಗಿ ಸುರಿಯುತ್ತಿತ್ತು.

ನರಸಪ್ಪ ಹೊಸ ಪಂಚೆಯನ್ನು ಸರಕ್ಕನೆ ಬಿಚ್ಚಿ ಅಕ್ಕನ ಕೈಗೆ ಎಸೆದು, ಖಾಕಿ ಚಡ್ಡಿಯಲ್ಲೇ ಲಾರಿಯ ಅಡಿಗೆ ನುಗ್ಗಿದ. ಬೋಲ್ಟು ಸಿಕ್ಕಿಸಿದ, ಬಿತ್ತು. ಮತ್ತೆ ಸಿಕ್ಕಿಸಿದ, ಮತ್ತೆ ಬಿತ್ತು. ಬೇರೆ ದಾರಿ ತೋಚದೆ ಬಲಗೈಯ ಹೆಬ್ಬೆರಳನ್ನು ತೂತಿಗೆ ಒತ್ತಿ ಹಿಡಿದ. ಎಣ್ಣೆ ನಿಂತಿತು. ಹೆಬ್ಬೆರಳು ಆ ತೂತಿಗೆ ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ಕೂತಿತು.

“ಭದ್ರಮ್ಮನೋರೇ, ಸ್ಪ್ಯಾನರ್ ಪೆಟ್ಗೆ ಕೊಡಿ!” ಎಂದು ಕೆಳಗಿನಿಂದ ಕೂಗಿದ.

“ಕುಂಕುಮ ಬಿದ್ದಾಯ್ತಪ್ಪ.”

“ಒಂದು ಚಾಕು ಆದ್ರೂ ಕೊಡ್ರಮ್ಮ. ಮರದ ಗೂಟ ಕೆತ್ತಿ ಹೊಡೀತೀನಿ.”

“ಚಾಕುಗೂ ಬಿದ್ದದೆ. ಬೆಳಗ್ಗೆ ಪಲ್ಯದ ತರಕಾರೀನೇ ಕೈಯಲ್ಲಿ ಮುರಿದು ಹಾಕಿವ್ನಿ. ನಿನ್ ಲಾರಿ ನಮ್ ಹುರುಳಿಕಾಯಿಗಿಂತ ಹೆಚ್ಚಾ?”

ರಾಮಪ್ರಸಾದರು ಮಂಡಿಯೂರಿ, ಬೋಲ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. “ರಿಜೆಕ್ಟ್” ಎಂದರು. “ಥ್ರೆಡ್ ಪೂರ್ತಿ ಎದ್ದು ಬಂದಿದೆ ನರಸಪ್ಪನೋರೇ. ಇದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪದ್ದು ಬೇಕು. ಮುಕ್ಕಾಲೂ ಇರಬಹುದು. ಅಳತೆ ಮಾಡದೆ ನಾನು ಏನೂ ಹೇಳಲ್ಲ.”

“ಅಳೀರಿ ಮತ್ತೆ!”

“ಅಳೆಯೋದು ಬೆಂಚಿನ ಮೇಲಿದೆ.”

“ಯಾವ್ದಾದ್ರೂ ವರ್ಕ್‌ಶಾಪಿಗೆ ಹೋಗಿ ಒಂದು ಮಾಡಿಸ್ಕೊಂಡ್ ಬನ್ನಿ ಸಾರ್.”

ಪೀಣ್ಯದಲ್ಲಿ ಬೋಲ್ಟು ಕಡೆಯುವ ಲೇತುಗಳಿಗೇನೂ ಬರವಿರಲಿಲ್ಲ. ಬೇರೆ ಯಾವ ದಿನವಾದರೂ ಬೀದಿಯಲ್ಲಿ ನಿಂತು ಕೂಗಿದ್ದರೆ ಅರ್ಧ ಗಂಟೆಯಲ್ಲಿ ಹತ್ತು ಬೋಲ್ಟು ಬಂದು ಬೀಳುತ್ತಿದ್ದವು. ಆದರೆ ಆ ದಿನ ಅಷ್ಟೂ ಲೇತುಗಳು ಹಾರ ಹಾಕಿಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು, ಬೀಗದ ಹಿಂದೆ ವಿಶ್ರಾಂತಿ ಪಡೆಯುತ್ತಿದ್ದವು. ರಾಮಪ್ರಸಾದರು ಸೈಕಲ್ಲಿನಲ್ಲಿ ನಾಲ್ಕು ರಸ್ತೆ ಸುತ್ತಿ, ಪ್ರತಿಯೊಂದು ವರ್ಕ್‌ಶಾಪಿನಲ್ಲೂ ಕೊಟ್ಟ ಕಡ್ಲೆಪುರಿಯನ್ನು ಚೀಲ ತುಂಬ ತುಂಬಿಸಿಕೊಂಡು ಬಂದರು. ಬೋಲ್ಟು ಮಾತ್ರ ತರಲಿಲ್ಲ.

ಅಲ್ಲಿಂದ ಮುಂದೆ ವಠಾರದ ಬುದ್ಧಿಯೆಲ್ಲ ಲಾರಿಯ ಅಡಿಗೆ ಹರಿಯಿತು. ಭದ್ರಮ್ಮ ಬಟ್ಟೆ ಸೋಪನ್ನು ನಾದಿ ಉಂಡೆ ಮಾಡಿ ಕೊಟ್ಟರು. ಅದು ಐದು ನಿಮಿಷ ನಿಂತು ನರಸಪ್ಪನ ಕಿವಿಗೆ ಜಾರಿತು. ರಾಮಕ್ಕ ಅರಿಶಿನದ ಕೊಂಬು ಕೊಟ್ಟಳು, ಸಣ್ಣದಾಯಿತು. ಫಿನಾಯಿಲ್ ಬಾಟಲಿಯ ಬಿರಡೆ ಕೊಟ್ಟಳು, ಅದೂ ಸಣ್ಣದಾಯಿತು.

“ದೊಡ್ಡ ಬಾಟ್ಲಿ ಬಿರಡೆ ಸಿಕ್ರೆ ಆಗ್ತದೆ” ಎಂದ ನರಸಪ್ಪ. “ಯಾರ ಮನೇಲಾದ್ರೂ ಅದೇ... ಆ ಥರ ಬಾಟ್ಲಿ ಇದ್ರೆ ನೋಡಿ.”

ಹಬ್ಬದ ದಿನ ಅಂಥ ಬಾಟಲಿ ತಮ್ಮ ಮನೆಯಲ್ಲಿದೆಯೆಂದು ಯಾರು ತಾನೆ ಎದ್ದು ನಿಂತು ಹೇಳುತ್ತಾರೆ? ಸ್ವಲ್ಪ ಹೊತ್ತಿನ ಮೇಲೆ ರಾಮಪ್ರಸಾದರು ಕೆಮ್ಮಿ, “ನನ್ನ ಫ್ರೆಂಡ್ ಒಬ್ಬರು ದಾಸರಹಳ್ಳಿಯಲ್ಲಿದ್ದಾರೆ. ಅವರ ಹತ್ತಿರ ಇದ್ದರೂ ಇರಬಹುದು. ನನಗೆ ಗೊತ್ತಿಲ್ಲ, ಹೋಗಿ ನೋಡ್ತೀನಿ” ಎಂದು ಮತ್ತೆ ಸೈಕಲ್ಲು ಹತ್ತಿದರು. “ಒಂದು ಬಕೆಟ್ ಇಟ್ಟು ಎಣ್ಣೆ ಇಳಿಸಿಬಿಡಿ, ಎದ್ದು ಊಟ ಮಾಡಿ” ಎಂದೂ ಹೇಳಿದರು. ಎಣ್ಣೆ ಇಳಿಸಿದರೆ ನಾಲ್ಕು ಗಂಟೆಗೆ ಲಾರಿ ಸ್ಟಾರ್ಟ್ ಮಾಡುವುದು ಹೇಗೆ? ನರಸಪ್ಪ ವಸಂತಳ ನಗುವನ್ನು ನೆನೆದುಕೊಂಡು ಹೆಬ್ಬೆರಳನ್ನು ಇನ್ನಷ್ಟು ಒತ್ತಿದ. ಅತ್ತ ಭದ್ರಮ್ಮ, ಕುಂಕುಮಕ್ಕೆ ಕರೆದಿದ್ದಾರೆಂದು ಊರೊಳಗೆ ಹೊರಟುಹೋದರು.

ವೆಂಕಟರಮಣಪ್ಪನವರು ನಾಲ್ಕು ಗಂಟೆಗೆ ಬರಬೇಕಾಗಿತ್ತು. ಮಾರ್ಕೆಟ್ಟಿನಲ್ಲಿ ಬಸ್ಸು ಬೇಗ ಸಿಕ್ಕಿತೆಂದು ಮೂರಕ್ಕೇ ಬಂದುಬಿಟ್ಟರು. ತಲೆಗೆ ರುಮಾಲು, ಕೈಯಲ್ಲಿ ಕೊಡೆ, ಎತ್ತು ಕೊಳ್ಳಲು ಬಂದವರ ನೋಟ. ಲಾರಿಯ ಸುತ್ತ ಒಂದು ಸುತ್ತು ಬಂದು, ಅಡಿಯಿಂದ ಹೊರಗೆ ಚಾಚಿಕೊಂಡಿದ್ದ ಎರಡು ಕಾಲುಗಳ ಎದುರು ನಿಂತರು.

“ಇದ್ಯಾರಮ್ಮ?” ಎಂದರು.

ಎದುರುಗೊಳ್ಳಲು ಬಂದ ರಾಮಕ್ಕನಿಗೆ ದಿಕ್ಕು ತೋಚಲಿಲ್ಲ. ಕೈಗೆ ಗ್ರೀಸ್ ಮುಟ್ಟಿಸಿಕೊಳ್ಳದ ಓನರನ್ನು ಕಾಲು ತೋರಿಸಿ ಪರಿಚಯ ಮಾಡಿಕೊಡುವುದು ಹೇಗೆ? “ಅವ್ನಾ? ಮೆಕ್ಯಾನಿಕ್ಕು ಯಜಮಾನ್ರೇ” ಎಂದುಬಿಟ್ಟಳು. “ನನ್ ತಮ್ಮ ಏನೋ ಕೆಲ್ಸದ ಮೇಲೆ ಆಚೆ ಹೋಗವ್ನೆ. ಇನ್ನೇನು ಬಂದ್ಬಿಡ್ತಾನೆ. ಕೂತ್ಕಳಿ, ಕಾಫಿ ತರ್ತೀನಿ.” ಇಷ್ಟು ಹೇಳಿ ಒಳಗೆ ಓಡಿದಳು. ಲಾರಿಯ ಅಡಿಯಲ್ಲಿ ನರಸಪ್ಪ ಹಲ್ಲು ಕಚ್ಚಿದ. ಆದರೆ ಯೋಚಿಸಿದರೆ ಅಕ್ಕ ಹೇಳಿದ್ದೂ ಒಂದು ರೀತಿಯಲ್ಲಿ ಒಳ್ಳೆಯದೇ ಅನಿಸಿತು. ರಾಮಪ್ರಸಾದರು ಬಿರಡೆ ತಂದರೆ ಹಿಂದಿನಿಂದ ನುಸುಳಿ, ಪಂಚೆ ಉಟ್ಟು, ಓನರಾಗಿ ಮುಂದಿನಿಂದ ಬರಬಹುದಿತ್ತು.

ವೆಂಕಟರಮಣಪ್ಪ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲೆಅಡಿಕೆ ಮಡಿಸುತ್ತಾ ಕಾಲುಗಳನ್ನು ಮಾತಾಡಿಸಿದರು.

“ಏನಪ್ಪಾ, ನಿನ್ ಹೆಸರೇನು?”

“ಬೈರಪ್ಪ ಸ್ವಾಮಿ” ಎಂದ ನರಸಪ್ಪ. ಮೇಲೆ ಎಂಜಿನ್ನು, ಕೆಳಗೆ ನೆಲ. ನಡುವೆ ಅವನ ದನಿ ಬಾವಿಯೊಳಗಿನಿಂದ ಬಂದಷ್ಟು ಗಂಭೀರವಾಗಿತ್ತು.

“ಯಾವ ಪೈಕಿ?”

“ನಿಮ್ ಪೈಕೀನೇ ಸ್ವಾಮಿ. ಮಾಗಡಿ ಕಡೆಯೋನು.”

“ಅಂಗಾರೆ ನಮ್ಮೋನೇ ಆದೆ. ನಿಜ ಏಳು ಮಗಾ, ಈ ನರಸಪ್ಪ ಎಂಗೆ? ಎಣ್ಣು ಕೊಡಬೋದಾ?”

ಇಂಥ ಅವಕಾಶ ಎಷ್ಟು ಜನ ಗಂಡುಗಳಿಗೆ ಸಿಕ್ಕೀತು! ನರಸಪ್ಪನಿಗೆ ತೋಳು ಸೋತದ್ದೂ ಮರೆತುಹೋಯಿತು. “ಚಿನ್ನದಂಥ ಮನುಷ್ಯ ಸ್ವಾಮಿ. ಕಣ್ಣು ಮುಚ್ಕೊಂಡು ಕೊಡಿ.”

“ಕುಡೀತಾನಾ?”

“ಮಜ್ಜಿಗೆ.”

“ಸಿಟ್ಟು ಗಿಟ್ಟು?”

“ಹಂಗಂದ್ರೇನು ಅಂತ್ಲೇ ಗೊತ್ತಿಲ್ಲ ಅವ್ರಿಗೆ.”

ವೆಂಕಟರಮಣಪ್ಪ ತಲೆದೂಗಿ, ಸುಣ್ಣ ಹಚ್ಚಿ, ಬಗ್ಗಿ ನೋಡಿದರು. ಮುಖ ಕತ್ತಲಲ್ಲಿತ್ತು, ತೂತಿಗೆ ಒತ್ತಿಕೊಂಡ ಕೈ ಮಾತ್ರ ಕಂಡಿತು. “ಅದ್ಯಾಕ್ ಮಗಾ ಬೆಟ್ಟು ಅಲ್ಲಿಟ್ಟಿದೀಯ?”

“ಬೋಲ್ಟು ಕೈಕೊಡ್ತು ಸ್ವಾಮಿ. ಬೆರಳು ತೆಗೆದ್ರೆ ಹೊಸ ಎಣ್ಣೆ ಎಲ್ಲ ನೆಲದ ಪಾಲು.”

“ಎಷ್ಟೊತ್ತಿಂದ ಬಿದ್ದಿದೀಯ ಇಂಗೆ?”

“ಹನ್ನೊಂದೂವರೆಯಿಂದ.”

“ಉಂಡ್ಯಾ?”

“ಇಲ್ಲ.”

“ಅಬ್ಬದ ದಿನ!” ವೆಂಕಟರಮಣಪ್ಪನವರ ದನಿ ಬದಲಾಯಿತು. “ನಿನ್ ಓನರ್ರು ಉಂಡನೇನೋ?”

ಓನರಿನ ಮರ್ಯಾದೆ ಉಳಿಸಬೇಕೆಂದು ನರಸಪ್ಪ ಅವಸರದಲ್ಲಿ, “ಇಲ್ಲ ಸ್ವಾಮಿ, ಪಾಪ ಅವ್ರೂ ಉಂಡಿಲ್ಲ” ಎಂದ.

“ನೀನು ಇಲ್ಲಿ ಬಿದ್ದಿದೀಯ. ಅವ್ನು ಉಂಡಿಲ್ಲ ಅಂತ ನಿಂಗೆಂಗೆ ಗೊತ್ತು?”

ನರಸಪ್ಪ ತಡಬಡಿಸಿದ. “ಗೊತ್ತಾಗ್ತದೆ ಸ್ವಾಮಿ. ಅವ್ರಿಗೆ ಹೊಟ್ಟೆ ಹಸಿದ್ರೆ ನನ್ ಹೊಟ್ಟೆ ಚುರ್ ಅಂತದೆ.”

ವೆಂಕಟರಮಣಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ನಲವತ್ತು ವರ್ಷ ಆಳುಗಳಿಂದ ಕೆಲಸ ತೆಗೆದಿದ್ದರೂ ಇಂಥ ಮಾತನ್ನು ಅವರು ಯಾರ ಬಾಯಿಂದಲೂ ಕೇಳಿರಲಿಲ್ಲ. ಕಣ್ಣಂಚು ಒದ್ದೆಯಾಯಿತು. ಅಷ್ಟರಲ್ಲಿ ರಾಮಕ್ಕ ಕಾಫಿಯ ಜತೆ ತಟ್ಟೆಯಲ್ಲಿ ಎರಡು ಒಬ್ಬಟ್ಟು ತಂದಿಟ್ಟು, ತಮ್ಮ ಬಂದನೇ ಎಂದು ರಸ್ತೆ ನೋಡುವ ನಾಟಕ ಮಾಡುತ್ತಾ ಪಕ್ಕಕ್ಕೆ ಹೋದಳು. ಅವರು ತಟ್ಟೆಯನ್ನು ಮುಟ್ಟದೆ ಹಾಗೆಯೇ ಲಾರಿಯ ಅಡಿಗೆ ತಳ್ಳಿದರು.

“ತಿನ್ನು ಮಗಾ. ಎಡಗೈನಾಗೆ ತಿಂದ್ರೂ ದೋಸ ಇಲ್ಲ.”

ನರಸಪ್ಪ ತಿಂದ. ಹಸಿದ ಹೊಟ್ಟೆಗೆ ತುಪ್ಪದ ಒಬ್ಬಟ್ಟು ಬಿದ್ದು, ಅವನಿಗೆ ಆಗಲೇ ಮಾವನ ಮನೆಯಲ್ಲಿ ಮಲಗಿದಷ್ಟು ಸುಖವಾಯಿತು. ಜೀವನದಲ್ಲಿ ಇನ್ನೇನು ಬೇಕು ಅನಿಸಿತು.

ವೆಂಕಟರಮಣಪ್ಪ ಎದ್ದು ಕೊಡೆ ಕೈಗೆ ತೆಗೆದುಕೊಂಡರು. “ರಾಮಕ್ಕಾ, ನಾನು ಒಂಟೆ.”

“ಅಯ್ಯೋ, ಯಾಕೆ ಯಜಮಾನ್ರೇ? ತಮ್ಮ ಬರ್ತಾನೆ!”

“ಬರಾದು ಬ್ಯಾಡ. ಅಬ್ಬದ ದಿನ ಆಳನ್ನ ಉಪವಾಸ ಕೆಡವಿ, ಬೆಟ್ಟು ತೂತ್ನಾಗೆ ಇಡಿಸ್ಬುಟ್ಟು, ತಾನು ಊರು ಸುತ್ತಾಕೋಗವ್ನೆ. ಇವತ್ತು ಆಳಿಗೆ ಇಂಗೆ ಮಾಡ್ದೋನು ನಾಳೆ ನನ್ ಮಗಳಿಗೇನು ಮಾಡಾನು? ಈ ಉಡ್ಗ ನೋಡು, ಇಷ್ಟಾದ್ರೂ ಒಡೆಯನ್ನ ಒಂದು ಮಾತು ಬಯ್ಯಾಕಿಲ್ಲ. ಕೊಟ್ರೆ ಇಂಥೋನಿಗೆ ಕೊಡ್ಬೇಕು ಎಣ್ಣ.” ಹೀಗೆಂದು ರಸ್ತೆಯ ತಿರುವಿನಲ್ಲಿದ್ದ ಬಸ್‌ಸ್ಟಾಪಿನ ಕಡೆ ದಾಪುಗಾಲು ಹಾಕಿದರು.

ಲಾರಿಯ ಅಡಿಯಲ್ಲಿ ನರಸಪ್ಪ ಲೆಕ್ಕ ಹಾಕಿದ. ಬೆರಳು ತೆಗೆದರೆ ಹದಿನೈದು ಲೀಟರ್ ಎಣ್ಣೆ ಹೋಗುತ್ತದೆ, ತೆಗೆಯದಿದ್ದರೆ ವಸಂತ ಹೋಗುತ್ತಾಳೆ. ಎಣ್ಣೆಯನ್ನು ಮತ್ತೆ ತರಬಹುದು. ನರಸಪ್ಪ ಬೆರಳು ಕಿತ್ತ. ಧಾರೆ ಬಂದು ಎದೆಯ ಮೇಲೆ ಬಿತ್ತು. ತೆವಳಿಕೊಂಡು ಹೊರಗೆ ಬಂದು ಓಡಲು ಹೋದವನಿಗೆ, ಮಾವನಾಗುವವರ ಮುಂದೆ ಚಡ್ಡಿಯಲ್ಲಿ ನಿಲ್ಲುವುದೇ ಅನಿಸಿತು. ಆ ಅವಸರದಲ್ಲೂ ಅಕ್ಕನ ಹೆಗಲ ಮೇಲಿದ್ದ ಜರಿಪಂಚೆ ಕಿತ್ತುಕೊಂಡು, ಸುತ್ತಿಕೊಳ್ಳುತ್ತಲೇ ಓಡಿದ. ಹಿಂದೆಯೇ ರಾಮಕ್ಕ ಓಡಿದಳು.

“ಸ್ವಾಮೀ! ನಿಂತ್ಕಳಿ! ನಾನೇ ನರಸಪ್ಪ!” ಏದುಸಿರಿಗೆ ಅವನ ದನಿ ಕೀರಲಾಗಿತ್ತು.

ವೆಂಕಟರಮಣಪ್ಪ ತಿರುಗಿ, ಜರಿಪಂಚೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಓಹೋ, ನೀನೇನಪ್ಪ ಓನರ್ರು! ಈಗ ಬಿಡುವಾಯ್ತಾ?”

“ಲಾರಿ ಕೆಳಗಿದ್ದೋನೂ ನಾನೇ ಸ್ವಾಮಿ. ಬೈರಪ್ಪ ನಾನೇ.”

“ಬೈರಪ್ಪ ನೀನಾ? ನೀನ್ ಇಲ್ಲಿದ್ರೆ ಅಲ್ಲಿ ಬೆಟ್ಟು ಯಾರು ಇಟ್ಕಂಡವ್ರೆ?”

ನರಸಪ್ಪ ಎಣ್ಣೆ ಮೆತ್ತಿದ ಹೆಬ್ಬೆರಳನ್ನು ಎತ್ತಿ ತೋರಿಸಿದ.

“ಬೆಟ್ಟಿಗೂ ಎದೆಗೂ ಎಣ್ಣೆ ಬಳ್ಕೊಂಡು ಬಂದ್ರೆ ಆಯ್ತಾ? ಆ ಉಡ್ಗನ ದನಿ ಎಂಗಿತ್ತು, ನಿಂದೆಂಗದೆ?”

“ಹೌದು ಯಜಮಾನ್ರೇ, ಇವ್ನೇ ಅವ್ನು” ಎಂದಳು ರಾಮಕ್ಕ ಅಳುಬುರುಕ ದನಿಯಲ್ಲಿ. “ನಾನು ಸುಳ್ಳು ಹೇಳ್ಬಿಟ್ಟೆ.”

“ಆಗ ಏಳಿದ್ದು ಸುಳ್ಳೋ, ಈಗ ಏಳಾದು ಸುಳ್ಳೋ ತಾಯಿ?”

ಅದೇ ಹೊತ್ತಿಗೆ ದೇವರು ಕಳಿಸಿದಂತೆ ರಾಮಪ್ರಸಾದರು ಸೈಕಲ್ಲಿನಲ್ಲಿ ಬಂದರು. ಕೈಯಲ್ಲಿ ದೊಡ್ಡ ಬಿರಡೆಯಿತ್ತು. ನರಸಪ್ಪ ಸೈಕಲ್ಲಿಗೆ ಅಡ್ಡ ನಿಂತು, “ಸಾರ್, ಲಾರಿ ಕೆಳಗೆ ಬೆರಳಿಟ್ಕೊಂಡಿದ್ದೋನು ನಾನೇ ಅಂತ ಇವ್ರಿಗೆ ಹೇಳಿ ಸಾರ್” ಎಂದು ಕೈಮುಗಿದ.

ರಾಮಪ್ರಸಾದರು ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಕಣ್ಣಾರೆ ನೋಡದ ಯಾವುದಕ್ಕೂ ಸಹಿ ಹಾಕಿದವರಲ್ಲ. “ಒಂದೂವರೆಗೆ ನಾನು ಹೊರಟಾಗ ಕೆಳಗಿದ್ದದ್ದು ಇವರೇ” ಎಂದರು ಅಳೆದು ಸುರಿದು. “ಮೂರು ಗಂಟೆಗೆ ಯಾರಿದ್ದರು ಅನ್ನೋದನ್ನ ನಾನು ನೋಡಿಲ್ಲ. ನೋಡದೆ ನಾನು ಏನೂ ಹೇಳಲ್ಲ.”

ನರಸಪ್ಪನಿಗೆ ಉಳಿದದ್ದು ಒಂದೇ ಸಾಕ್ಷಿ. “ನೋಡಿ ಸ್ವಾಮಿ, ಅದೇ ಖಾಕಿ ಚಡ್ಡಿ!” ಎನ್ನುತ್ತಾ ಪಂಚೆಯನ್ನು ಸೊಂಟದವರೆಗೆ ಎತ್ತಿಬಿಟ್ಟ. ಬಸ್ಸಿಗೆ ಕಾದಿದ್ದ ಹೆಂಗಸರು ಕಿಟಾರನೆ ಕಿರುಚಿ ಮುಖ ತಿರುಗಿಸಿದರು. ವೆಂಕಟರಮಣಪ್ಪ ಕೊಡೆ ಬಿಚ್ಚಿ ಅಡ್ಡ ಹಿಡಿದುಕೊಂಡರು.

“ಥೂ! ಎಣ್ಮಕ್ಕಳ ಮುಂದೆ! ಇದಕ್ಕೇನಾ ನಾನು ಮಗಳ ಸಾಕಿರಾದು?”

ಬಸ್ಸು ಬಂತು. ಹತ್ತುವ ಮುಂಚೆ ಅವರು ಸುಮ್ಮನೆ ಒಮ್ಮೆ ಬಗ್ಗಿ, ದೂರದಲ್ಲಿ ನಿಂತಿದ್ದ ಲಾರಿಯ ಅಡಿಗೆ ಕಣ್ಣು ಕಿರಿದು ಮಾಡಿ ನೋಡಿದರು. ಎಣ್ಣೆ ಹರಿದು ರಂಗೋಲಿಯನ್ನು ಮುಟ್ಟಿತ್ತು. ಕಾಲುಗಳಿರಲಿಲ್ಲ.

“ನೋಡಿದ್ರಾ? ಅವ್ನೂ ಕೆಲ್ಸ ಬುಟ್ಟು ಓದ. ಒಳ್ಳೇದಾಯ್ತು” ಎಂದರು ತೃಪ್ತಿಯಿಂದ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ರಾಮಕ್ಕನಿಗೆ ಕೂಗಿದರು: “ಆ ಉಡ್ಗ ಬೈರಪ್ಪ ಎಲ್ಲಾರ ಸಿಕ್ರೆ ಬೇಗೂರ್ಗೆ ಬರಾಕೇಳಮ್ಮಾ! ಈ ಕಾರ್ತೀಕದಾಗೇ ವಸಂತನ್ನ ಕೊಟ್ಟು ಮದ್ವೆ ಮಾಡ್ತೀನಿ!”

ಸಂಜೆ ನರಸಪ್ಪ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಎರಡೂ ಕೈ ಬಿಡುವಾಗಿದ್ದರಿಂದ ನೆಮ್ಮದಿಯಾಗಿ ಹಬ್ಬದೂಟ ಮಾಡಿದ. ಹೊಟ್ಟೆ ತುಂಬಿದ ಮೇಲೆ ಅವನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ರಾಮಕ್ಕ ಮಾತ್ರ ಸೆರಗಿನಲ್ಲಿ ಮೂಗು ಒರೆಸುತ್ತಾ, “ಲೇ ನರಸಾ, ನಾಳೆ ನೀನೇ ಬೈರಪ್ಪ ಅಂತ ಹೋಗಿ ನಿಂತ್ಕೊಂಡ್ಬುಡೋ” ಎಂದಳು.

“ಹೆಂಗೆ ಹೋಗ್ಲಿ ಅಕ್ಕ? ಮುಖಾನ ಬೇಡ ಅಂದವ್ರೆ. ಅವ್ರು ಬರೋಕೆ ಹೇಳಿರೋದು ಕಾಲಿಗೆ ಮಾತ್ರ.”

ನರಸಪ್ಪ ಮುಂದೆ ಚಾಚಿದ್ದ ತನ್ನ ಎರಡು ಕಾಲುಗಳನ್ನು ಬಹಳ ಹೊತ್ತು ನೋಡಿದ. ಹುಟ್ಟಿದಾರಭ್ಯ ಮೊದಲ ಸಲ ಅವುಗಳ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.